ಸಾಕ್ಷಿ ಇಲ್ಲದ ಲಕೋಟೆ

ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವವರಿಗೆಲ್ಲ ಕಲೀಮುಲ್ಲಾ ಗೊತ್ತಿದ್ದರು, ಖಾತೂನ್ ಗೊತ್ತಿರಲಿಲ್ಲ. ಒಳಗೆ ಹೊಲಿಯುತ್ತಿದ್ದವಳು ಹೆಂಡತಿ, ಕೌಂಟರಿನಲ್ಲಿ ಮಾತಾಡುತ್ತಿದ್ದವರು ಗಂಡ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಶುರುವಾದ ಈ ಏರ್ಪಾಡು ಸಮುದ್ರ ದಾಟಿದರೂ ಬದಲಾಗಲಿಲ್ಲ. ಪೌರತ್ವದ ಪರೀಕ್ಷೆಗೆಂದು ನೂರು ಪ್ರಶ್ನೆ ಉರು ಹೊಡೆಯುವಾಗ ಕಲೀಮುಲ್ಲಾ ಗಿರಾಕಿಗಳನ್ನೂ ಬಿಡಲಿಲ್ಲ. ಜಿಪ್ ಹಾಕಿಸಲು ಬಂದ ಇಲ್ಲಿಯವನೇ ಒಬ್ಬ, ಸೆನೆಟಿನಲ್ಲಿ ಎಷ್ಟು ಜನ ಎಂದು ಹೇಳಲಾರದೆ ತಲೆ ತಗ್ಗಿಸಿ ಹೋದದ್ದುಂಟು. ಖಾತೂನ್ ಪುಸ್ತಕ ಮುಟ್ಟದೆ, ಮಷೀನಿನ ಮುಂದೆ ಕೂತೇ ನೂರೂ ಕಲಿತಳು. 2020ರ ಫೆಬ್ರವರಿಯಲ್ಲಿ ಇಬ್ಬರೂ ಪ್ರಮಾಣ ಮಾಡಿ ಅಮೆರಿಕದ ಪ್ರಜೆಗಳಾದರು. ನವೆಂಬರಿಗೆ ಇಲ್ಲಿನ ಮೊದಲ ವೋಟು.

ಆಗಸ್ಟಿನಲ್ಲಿ ಕಲೀಮುಲ್ಲಾ ಕೋವಿಡ್‌ಗೆ ಹೋದರು.

ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್. ಮನೆ ಬಿಟ್ಟು ಹೋಗಬಾರದು, ಪರಗಂಡಸರ ಎದುರು ಬರಬಾರದು. ಚುನಾವಣೆ ಸರಿಯಾಗಿ ಅದರ ನಡುವೆ ಬಿತ್ತು. ಅವರಿಗೆ ಸಿಗದ ವೋಟನ್ನು ತಾನಾದರೂ ಹಾಕಬೇಕೆಂದು ಖಾತೂನ್ ಮತಪತ್ರವನ್ನು ಅಂಚೆಯಲ್ಲಿ ತರಿಸಿದಳು. ಲಕೋಟೆಯ ಮೇಲೆ ಅವಳ ಸಹಿಗೊಂದು ಗೆರೆ, ಕೆಳಗೆ ಸಾಕ್ಷಿಯ ಸಹಿಗೊಂದು ಗೆರೆ.

ಸಾಕ್ಷಿ ಬೇಕೆನ್ನುವುದು ರಾಜ್ಯದ ಕಾನೂನು. ಈ ರೋಗದ ಕಾಲದಲ್ಲಿ ಒಂಟಿಯಾಗಿರುವವರು ಸಾಕ್ಷಿ ಹುಡುಕಿಕೊಂಡು ಎಲ್ಲಿ ಹೋಗಬೇಕು, ಇದು ವೋಟಿನ ಹಕ್ಕಿಗೇ ಅಡ್ಡಿ ಎಂದು ಕೆಲವರು ಕೋರ್ಟಿಗೆ ಹೋಗಿದ್ದರು. ಈ ಸಲ ಬೇಡ ಎಂದು ಜಡ್ಜ್ ಹೇಳಿದರು. ರಾಜ್ಯ ಸುಮ್ಮನಿರದೆ ಮೇಲಿನ ಕೋರ್ಟುಗಳ ಮೆಟ್ಟಿಲು ಹತ್ತಿತು.

ಪಕ್ಕದ ರಾಜ್ಯದ ಅಲ್ಫರೆಟಾದಿಂದ ಮಗಳು ನಾಯಿಲಾ ಫೋನ್ ಮಾಡಿದಳು. "ಅಮ್ಮಿ, ಭಾನುವಾರ ಡ್ರೈವ್ ಮಾಡ್ಕೊಂಡ್ ಬರ್ತೀನಿ, ನಾನೇ ಸೈನ್ ಹಾಕ್ತೀನಿ. ಕೇಸ್ ಇನ್ನೂ ಮುಗಿದಿಲ್ಲ."

"ಒಂದು ಗೀಟಿಗೋಸ್ಕರ ಅಷ್ಟು ದೂರ ಬರ್ತೀಯಾ? ಜಡ್ಜೇ ಬೇಡ ಅಂದಿದ್ದಾರೆ. ನೀನು ಅವರಿಗಿಂತ ದೊಡ್ಡವಳಾ?"

"ಹೋಗ್ಲಿ, ಪಕ್ಕದ್ಮನೆ ಅಂಕಲ್ ಹತ್ರ ಹಾಕಿಸ್ಕೋ. ಕಿಟಕಿಯಿಂದ ಕೊಡು."

"ಇದ್ದತ್‌ನಲ್ಲಿ ಅವನ ಹತ್ರ ಸೈನ್ ಕೇಳ್ಲಾ? ಚೆನ್ನಾಗಿ ಹೇಳಿದೆ."

ಇದ್ದತ್ ಅರ್ಧ ಕಾರಣ. ಬ್ಯಾಂಕು, ಬಾಡಿಗೆ, ಅಂಗಡಿ ಲೈಸೆನ್ಸು, ಅವಳ ಸಹಿ ಬಿದ್ದ ಕಾಗದದಲ್ಲೆಲ್ಲ ಜೊತೆಗೆ ಕಲೀಮುಲ್ಲಾರ ಸೊಟ್ಟ ಸಹಿ ಇರುತ್ತಿತ್ತು. ಆ ಜಾಗದಲ್ಲಿ ಇನ್ನೊಬ್ಬರು, ಮಗಳೇ ಆಗಲಿ, ಬಂದು ಕೂರುವುದಕ್ಕಿಂತ ಖಾಲಿ ಇರಲಿ ಎನ್ನಿಸಿತು. ಕೋರ್ಟು ಹೇಗೂ ಒಪ್ಪಿದೆ. ಭಾನುವಾರ ಲಕೋಟೆ ಅಂಟಿಸಿ, ಮನೆ ಮುಂದಿನ ಅಂಚೆ ಡಬ್ಬಿಯಲ್ಲಿಟ್ಟು ಬಂದಳು.

ಸೋಮವಾರ ಬೆಳಿಗ್ಗೆ ಅಂಚೆಯವನು ಅದನ್ನು ಒಯ್ದ. ಅದೇ ದಿನ ಸುಪ್ರೀಂ ಕೋರ್ಟು ರಾಜ್ಯದ ಪರ ನಿಂತಿತು: ಸಾಕ್ಷಿ ಬೇಕು. ಆಗಲೇ ಕಳಿಸಿದವರಿಗೆ ಎರಡು ದಿನದ ರಿಯಾಯಿತಿ, ಬುಧವಾರದೊಳಗೆ ತಲುಪಿದರೆ ಸರಿ.

ಖಾತೂನಳ ಲಕೋಟೆ ಗುರುವಾರ ತಲುಪಿತು. ಅಂಗಡಿಯಲ್ಲಾದರೆ, ಒಂದು ದಿನ ತಡವಾಯಿತೆಂದು ಗಿರಾಕಿ ಗೊಣಗುತ್ತಾನೆ, ಪ್ಯಾಂಟು ಬಿಟ್ಟು ಹೋಗುವುದಿಲ್ಲ.

ಶನಿವಾರ ನಾಯಿಲಾ ಬಂದೇಬಿಟ್ಟಳು. ಮಾಸ್ಕ್ ಹಾಕಿಕೊಂಡೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು.

"ಎಲೆಕ್ಷನ್ ಆಫೀಸಿಗೆ ಕಾಲ್ ಮಾಡಿದ್ದೆ. ಇನ್ನೊಂದು ಬ್ಯಾಲಟ್ ಕೊಡಲ್ವಂತೆ. ಲಕೋಟೆ ಬಂತು ಅಂದ್ರೆ ವೋಟ್ ಮಾಡಿದ ಹಾಗೇ ಅಂತೆ."

"ಆಯ್ತಲ್ಲ ಮತ್ತೆ."

"ಆದ್ರೆ ಕೌಂಟ್ ಮಾಡಲ್ಲ ಅಮ್ಮಿ. ನೀನು ಸೈನ್ ಹಾಕಿದ್ದನ್ನ ಯಾರೂ ನೋಡಿಲ್ಲ."

"ನೋಡಿದವನು ಮೇಲೊಬ್ಬ ಇದ್ದಾನೆ," ಎಂದಳು ಖಾತೂನ್. "ಅವನು ಕಾಗದಕ್ಕೆಲ್ಲ ಸೈನ್ ಹಾಕಲ್ಲ."

ನಾಯಿಲಾ ನಗಲಿಲ್ಲ. "ನಾನು ಅವತ್ತೇ ಬರ್ಬೇಕಿತ್ತು."

"ಬೇಡ ಅಂದವಳು ನಾನು. ನೀನ್ಯಾಕೆ ಅಳ್ತೀಯ?"

ನಾಯಿಲಾ ಕಣ್ಣೊರೆಸಿಕೊಂಡಳು. ಆಮೇಲೆ ಖಾತೂನ್ ಕೇಳಿದಳು: "ಅದನ್ನ ಏನು ಮಾಡ್ತಾರಂತೆ? ಹರಿದು ಹಾಕ್ತಾರಾ?"

"ಇಲ್ಲ, ಇಟ್ಕೋತಾರೆ."

"ಒಡೆದು ನೋಡಲ್ವಾ?"

"ಒಡೆಯೋದೇ ಇಲ್ಲ."

ಖಾತೂನ್ ಮಡಿಲಲ್ಲಿದ್ದ ದುಪಟ್ಟಾದ ಅಂಚನ್ನು ಅಳತೆ ಹಿಡಿದಂತೆ ಬೆರಳಲ್ಲಿ ಸವರಿದಳು. "ಮೈಸೂರಲ್ಲಿ ಪ್ರತಿ ಸಲ ನಿಮ್ಮಬ್ಬಾ ಹೇಳಿದ್ದಕ್ಕೆಲ್ಲ ಹ್ಞೂಂ ಅಂದು, ಬೂತಿನೊಳಗೆ ಹೋಗಿ ನನಗೆ ಬೇಕಾದವರಿಗೆ ಒತ್ತಿ ಬರ್ತಿದ್ದೆ. ಈ ಸಲ ಒಂದೇ ಸಲ, ಅವರು ಹೇಳಿದವರಿಗೆ ಹಾಕಿದ್ದೆ."