ಸೆರೆಮನೆಯಿಂದ ಬಂದ ಚೀಟಿಗಳು

ಒಂದು ತಪ್ಪೊಪ್ಪಿಗೆಯಿಂದ ಶುರುಮಾಡುತ್ತೇನೆ. ಒಬ್ಬ ಹೆಂಗಸನ್ನು ನಾನು ಎರಡು ತಿಂಗಳು ಕೋಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದೆ, ಆಕೆಗೊಂದು ಹೆಸರನ್ನೂ ಇಟ್ಟಿರಲಿಲ್ಲ. ಗಾಬರಿಯಾಗಬೇಡಿ. ಕೋಟೆ ಇದ್ದದ್ದು ಕೊಪ್ಪದಲ್ಲಿ ನಾನು ನಡೆಸುವ ಡ್ರೈವಿಂಗ್ ಸ್ಕೂಲಿನ ಮೇಜಿನ ಮೇಲೆ. ಹೆಂಗಸು ಎಂದರೆ ಅಂಗಿಯ ಒಂದು ಕೆಂಪು ಗುಂಡಿ.

ಇದೊಂದು ಆಟ. ಒಬ್ಬ ಕಥೆ ಕಟ್ಟುತ್ತಾನೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾ ಹೋಗುತ್ತಾರೆ. ಮಾಡಹೊರಟದ್ದು ಕೈಗೂಡಿತೋ ಕೆಟ್ಟಿತೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ಒಂದು ದಾಳ. ಇದನ್ನು ನಮ್ಮೂರಿಗೆ ತಂದವಳು ಪೂರ್ಣಿಮಾ. ಎನ್.ಆರ್. ಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್, ಮಂಗಳೂರಿನಲ್ಲಿ ಓದುವಾಗ ಕಲಿತು ಬಂದಳು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿ ಬರುತ್ತಾಳೆ, ಅವಳು ಮಂತ್ರವಾದಿನಿ. ನೆಮ್ಮಾರಿನ ರಾಘವ ತೋಟ ಬಿಟ್ಟು ಬೈಕಿನಲ್ಲಿ ಬರುತ್ತಾನೆ, ಅವನು ಯೋಧ. ಎಂಥ ಬಾಗಿಲು ಎದುರಾದರೂ ಒದೆಯುವುದೊಂದೇ ಅವನಿಗೆ ಗೊತ್ತಿರುವ ಉಪಾಯ. ನನ್ನ ಸ್ಕೂಲಿಗೆ ಅಂಟಿಕೊಂಡೇ ಟೈಲರಿಂಗ್ ಅಂಗಡಿ ಇಟ್ಟಿರುವ ನಸೀಮಕ್ಕ ಬೀಗ ತೆಗೆಯುವ ಕಳ್ಳಿ. ಗುಂಡಿಗಳನ್ನು ಒದಗಿಸುವವರೂ ಅವರೇ.

ಕಥೆ ಕಟ್ಟುವವನು ನಾನು. ನನಗೆ ಗೊತ್ತಿದ್ದದ್ದೂ ಒಂದೇ ಕಥೆ: ಯಾರನ್ನೋ ಯಾರೋ ಹಿಡಿದಿಟ್ಟಿದ್ದಾರೆ, ಹೋಗಿ ಬಿಡಿಸಿ. ಒಂದು ಭಾನುವಾರ ನೆಲಮಾಳಿಗೆಯ ಬೀಗ ತೆಗೆದ ನಸೀಮಕ್ಕ ಕೆಂಪು ಗುಂಡಿಯನ್ನು ಕೈಯಲ್ಲಿ ಹಿಡಿದು, “ಸದಾಶಿವಣ್ಣ, ಇವಳ ಹೆಸರೆಂತ?” ಎಂದರು. ನಾನು ಹಾಳೆಗಳನ್ನೆಲ್ಲ ತಡಕಾಡಿದೆ. ಕಾವಲುಗಾರರಿಗೆ ಹೆಸರಿತ್ತು, ಅವರ ನಾಯಿಗೂ ಹೆಸರಿತ್ತು.

“ಹೆಸರಿಲ್ದೆ ಹೊತ್ಕೊಂಡು ಹೋಗೋಕೆ ಇವಳೇನು ಬಟ್ಟೆ ಗಂಟಾ?” ಎಂದು ಕೇಳಿದರು.

ನನ್ನನ್ನು ನಾನೇ ಸಮರ್ಥಿಸಿಕೊಳ್ಳಲು ಆ ವಾರವೆಲ್ಲ ಯೋಚಿಸಿದೆ. ನಮ್ಮ ಕಡೆಯ ವೀರಗಲ್ಲುಗಳು ನೆನಪಾದವು. ಶತ್ರುಗಳು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಲು ಹೋಗಿ ಸತ್ತ ವೀರನ ಕಲ್ಲುಗಳು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಹಸುಗಳು ಮೂಲೆಯಲ್ಲಿ ಸಾಲಾಗಿ ನಿಂತಿರುತ್ತವೆ. ಅವಕ್ಕೆ ಹಳೆಯ ಕೊಟ್ಟಿಗೆ ಇಷ್ಟವಿತ್ತೋ ಹೊಸತೋ, ಯಾವ ಕಲ್ಲೂ ಹೇಳುವುದಿಲ್ಲ. ಅಂದರೆ ನನ್ನ ತಪ್ಪಿಗೆ ಸಾವಿರ ವರ್ಷದ ಪರಂಪರೆಯಿದೆ ಎಂದು ಸಮಾಧಾನವಾಯಿತು. ಪರಂಪರೆ ಇದ್ದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ ಎಂಬುದೂ ಹೊಳೆಯಿತು.

ಅಲ್ಲಿಂದ ನನ್ನ ಸೆರೆಯಾಳುಗಳಿಗೆ ಹೆಸರು ಬಂತು, ಹಠವೂ ಬಂತು. ಒಬ್ಬನು ತನ್ನ ದಾಯಾದಿಯ ಮದುವೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ತಾನಾಗಿ ಸೆರೆಮನೆ ಸೇರಿದ್ದ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಇನ್ನೊಬ್ಬಳ ಕೈರುಚಿಗೆ ಸೋತ ಕಾವಲುಗಾರರು ಅವಳನ್ನು ಬಿಡುವ ಮಾತೆತ್ತಿದರೆ ಕಣ್ಣೀರಿಡುತ್ತಿದ್ದರು. “ಇದೆಂತ ಮಾರಾಯ, ಬಿಡಿಸೋಕೂ ಇವರ ಕಾಲು ಹಿಡೀಬೇಕಾ?” ಎಂದು ರಾಘವ ಗೊಣಗಿದ. ಆದರೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಹೀಗಿರುವಾಗ ನಸೀಮಕ್ಕನ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಶಿವಮೊಗ್ಗದಲ್ಲಿ ಆಪರೇಷನ್ ಎಂದಾಯಿತು. ಹೊರಡುವ ಮುನ್ನ ಬಾಗಿಲಲ್ಲಿ ನಿಂತು, “ನಾನು ಬರೋ ತನಕ ನನ್ನ ಕಳ್ಳೀನ ಸಾಯಿಸ್ಬೇಡಿ” ಎಂದರು. ನಾನು ಸಾಯಿಸಲಿಲ್ಲ, ಸೆರೆಗೆ ಹಾಕಿದೆ. ಅವರಿಲ್ಲದ ಭಾನುವಾರಗಳಿಗೆ ಕಥೆಯಲ್ಲಿ ಒಂದು ಕಾರಣ ಬೇಕಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು, ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ದನಿ ಹೋಯಿತು. ಸ್ವರದ ನರಕ್ಕೆ ನೋವಾಗಿದೆ, ಕೆಲವು ತಿಂಗಳಲ್ಲಿ ಬರಬಹುದು, ಎಷ್ಟು ಬರುತ್ತದೆಂದು ಈಗಲೇ ಹೇಳಲಾಗದು ಎಂದರಂತೆ ಡಾಕ್ಟರು. ನಸೀಮಕ್ಕನ ದನಿ ಎಂದರೆ ಬಸ್ ಸ್ಟ್ಯಾಂಡಿಗೆ ಕೇಳುವ ದನಿ. ನನ್ನ ಶಿಷ್ಯರು ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿಕೊಂಡರೆ ಬೈಗುಳ ಬರುತ್ತಿದ್ದದ್ದು ನನ್ನಿಂದಲ್ಲ, ಪಕ್ಕದ ಅಂಗಡಿಯಿಂದ. ಆ ಗೋಡೆ ಸುಮ್ಮನಾದ ಮೇಲೆ ನನಗೆ ಪಾಠ ಮಾಡುವುದೇ ಬೇಜಾರಾಯಿತು.

ಮೂರನೆಯ ಭಾನುವಾರ ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡು ಬಂದರು. ಅಳತೆ ಬರೆಯುವ ಪುಸ್ತಕವನ್ನು ಮೇಜಿನ ಮೇಲಿಟ್ಟು ತಮ್ಮ ಕುರ್ಚಿಯಲ್ಲಿ ಕೂತರು. ರಾಘವ ಕಿವುಡರಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ, “ಆ-ರಾ-ಮಾ?” ಎಂದು ಕೂಗಿದ. ನಸೀಮಕ್ಕ ಬರೆದು ತೋರಿಸಿದರು: “ಕಿವಿ ಸರಿ ಇದೆ.”

ಆಟ ಶುರುವಾಯಿತು. ಸೆರೆಮನೆಯಿಂದ ಕಳ್ಳಿ ಚೀಟಿ ಕಳಿಸುತ್ತಾಳೆ, ಹೊರಗಿನ ಇಬ್ಬರು ಅದನ್ನೋದಿ ಬಿಡಿಸಲು ಬರಬೇಕು ಎಂದು ಗೊತ್ತುಮಾಡಿದೆವು. ಮೊದಲ ಚೀಟಿ: “ಮುಂಬಾಗಿಲಿಗೆ ಬರಬೇಡಿ. ಕಾವಲುಗಾರ ದಡ್ಡ, ನಾಯಿ ಅಲ್ಲ.” ರಾಘವ ಅದನ್ನು ಗಟ್ಟಿಯಾಗಿ ಓದಿದ, ತಲೆದೂಗಿದ, ಹೋಗಿ ಮುಂಬಾಗಿಲನ್ನೇ ಒದ್ದ. ದಾಳದಲ್ಲಿ ಬಿದ್ದದ್ದು ಎರಡು. ಅವನೂ ಪೂರ್ಣಿಮಾಳೂ ಕೂಡಿ ಬಾಗಿಲ ಹಿಂದೆ ತೋಡಿಟ್ಟಿದ್ದ ಹೊಂಡಕ್ಕೆ ಬಿದ್ದರು. ಎರಡನೆಯ ಚೀಟಿ ಬಂತು: “ಅಲ್ಲೇ ಇರಿ. ನಾನೇ ಬರ್ತೀನಿ.” ತಲೆಪಿನ್ನಿನಿಂದ ಬೀಗ ತೆಗೆಯುತ್ತೇನೆಂದು ಬರೆದು ನಸೀಮಕ್ಕ ದಾಳ ಉರುಳಿಸಿದರು. ಹತ್ತೊಂಬತ್ತು! ಸೆರೆಯಾಳು ಬಂದು ಬಿಡಿಸಲು ಬಂದವರನ್ನು ಹೊಂಡದಿಂದ ಎಳೆದು ಹಾಕಿದಳು. ನಸೀಮಕ್ಕನ ನಗುವಿಗೆ ಸದ್ದಿರಲಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಕರುಣೆ ಉಕ್ಕಿತು. ಕೋಟೆಯ ಹಿಂಬಾಗಿಲಲ್ಲಿ ಒಂದು ಸೀಸೆ ಇಟ್ಟೆ. “ಇದರಲ್ಲಿರೋ ಔಷಧಿ ಕುಡಿದ್ರೆ ಕಳ್ಳಿಗೆ ದನಿ ವಾಪಸ್ ಬರುತ್ತೆ” ಎಂದೆ. ನಸೀಮಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಬರೆದರು: “ಇದು ಯಾವ ಮೆಡಿಕಲ್ಲಲ್ಲಿ ಸಿಗತ್ತೆ?”

ನನಗೆ ಭೂಮಿಗಿಳಿದುಹೋದಂತಾಯಿತು. ಅವರು ಪುಸ್ತಕವನ್ನು ಮತ್ತೆ ಹತ್ತಿರಕ್ಕೆಳೆದು ಅದರ ಕೆಳಗೇ ಬರೆದರು: “ಬೇಜಾರಿಲ್ಲ ಸದಾಶಿವಣ್ಣ. ಅವಳೂ ಹೀಗೇ ಇರಲಿ. ಜೊತೆಗಿರ್ತಾಳೆ.”

ಸೀಸೆಯನ್ನು ಅಲ್ಲೇ ಬಿಟ್ಟು ನಾಲ್ವರೂ ಮುಂದಿನ ಕೋಟೆಗೆ ಹೋದೆವು. ಮಾತಾಡದ ಆ ಕಳ್ಳಿ ಎಷ್ಟು ಬೀಗ ತೆಗೆದಳೋ ಲೆಕ್ಕವಿಲ್ಲ. ರಾಘವ ಕೂಡ ಬಾಗಿಲು ಒದೆಯುವ ಮೊದಲು ಒಮ್ಮೆ ಚೀಟಿಗಾಗಿ ಕಾಯುವುದನ್ನು ಕಲಿತ. ಹತ್ತು ಹನ್ನೊಂದು ವಾರಗಳಾಗಿರಬೇಕು, ಎಂದಿನಂತೆ ಎಲ್ಲರಿಗೂ ಚಾ ಕೊಟ್ಟೆ. ಹರಿದ ಬಟ್ಟೆಯ ಮೇಲೆ ಕತ್ತರಿ ಹೋದಂಥ ಒಂದು ದನಿ ಕೇಳಿತು:

“ಸಕ್ಕರೆ ಹಾಕಿಲ್ಲ.”

ಮೂವರೂ ನಮ್ಮ ನಮ್ಮ ಲೋಟ ನೋಡುತ್ತ ಕೂತೆವು, ನಸೀಮಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ರಾಘವ ಥಟ್ಟನೆ ಎದ್ದು, “ನಾನು ತರ್ತೆ” ಎಂದು ಹೊರಟುಹೋದ. ಅಂಗಡಿ ಇರುವುದು ಎದುರಿಗೇ, ಅವನು ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಕಣ್ಣು ಕೆಂಪಗಿತ್ತು, ಕೈಯಲ್ಲಿ ಎರಡು ಕೆ.ಜಿ. ಸಕ್ಕರೆಯಿತ್ತು.

ನಸೀಮಕ್ಕ ಆ ಪೊಟ್ಟಣವನ್ನೂ ಅವನನ್ನೂ ನೋಡಿದರು. ಗಂಟಲು ಸರಿಮಾಡಿಕೊಂಡು, ನಿಧಾನಕ್ಕೆ, ಒಂದೊಂದೇ ಮಾತನ್ನು ಹೊಲಿದಂತೆ ಹೇಳಿದರು: “ಒಂದು ಚಮಚ ಸಾಕಿತ್ತು ಮಾರಾಯ.”