ಎಡ್ನಾ ಬಾಯಿಯ ‘ಲವ್’

ಇಂಗ್ಲೆಂಡಿನ ಯಾರ್ಕ್‌ಶೈರಿನ ಗಣಿ ಊರೊಂದರ ಮಾರುಕಟ್ಟೆಯಲ್ಲಿ ಚಹಾದಂಗಡಿ ಇಟ್ಟಿರುವ ಎಡ್ನಾ ಥ್ಯಾಕ್ರಿಯ ಬಾಯಿಂದ ‘ಲವ್’ ಎನ್ನಿಸಿಕೊಳ್ಳದ ಗಿರಾಕಿಯಿಲ್ಲ. ಮಾಂಸದಂಗಡಿಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಅವಳಿಗೆ ಲವ್. ಅದರಲ್ಲಿ ಪ್ರೀತಿಯೇ ಇರಬೇಕೆಂದೇನೂ ಇಲ್ಲ. “ಏನ್ ಕೊಡ್ಲಿ, ಲವ್?” ಎಂದರೆ ಬೇಗ ಬಾಯಿಬಿಡು ಎಂದರ್ಥ. “ಸಾಲು ಅಲ್ಲಿಂದ ಶುರು, ಲವ್” ಎಂದರೆ ಎಂಥ ಗಟ್ಟಿಗನೂ ಬಾಲ ಮುದುರಿಕೊಂಡು ಹಿಂದೆ ಹೋಗುತ್ತಾನೆ. ಯಾರನ್ನೋ ಮಣ್ಣು ಮಾಡಿ ಬಂದವರಿಗೆ ಮಾತ್ರ ಬರೀ “ಲವ್” ಎಂದು, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿ ಕೊಡುತ್ತಾಳೆ. ಈಚೆಗೆ ಮಾರುಕಟ್ಟೆಯ ಮ್ಯಾನೇಜರ್ ಆದ ಕ್ಲೈವ್, ಗಿರಾಕಿಗಳನ್ನು ಸರ್, ಮೇಡಂ ಎಂದೇ ಕರೆಯತಕ್ಕದ್ದು ಎಂದು ನೋಟಿಸು ಹಚ್ಚಿಸಿದ. ಎಡ್ನಾ ಅದನ್ನು ಕಿತ್ತು ಸೋರುವ ಕೆಟಲಿನ ಅಡಿಗೆ ಹಾಕಿಕೊಂಡಳು. ಅಂಗಡಿ ಖಾಲಿ ಮಾಡಿಸುತ್ತೇವೆಂದು ಹೆದರಿಸಲು ಕ್ಲೈವ್‌ನ ಕಚೇರಿಯಿಂದ ಬಂದ ಗುಮಾಸ್ತನಿಗೆ, “ನಾನು ಬಾಡಿಗೆ ಕಟ್ಟೋದು ಜಾಗಕ್ಕೆ, ಲವ್, ನನ್ನ ನಾಲಿಗೆಗಲ್ಲ” ಎಂದಳು. ಒಬ್ಬನ ವಿಷಯದಲ್ಲಿ ಮಾತ್ರ ಅವಳು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ಮ್ಯಾನೇಜರ್ ಆಗುವ ಮೊದಲು, ಹೆಂಡತಿ ಆಸ್ಪತ್ರೆಯಲ್ಲಿದ್ದ ಚಳಿಗಾಲವಿಡೀ ಕ್ಲೈವ್ ದಿನಾ ಬೆಳಿಗ್ಗೆ ಇಲ್ಲಿ ನಿಂತು, ಎಡ್ನಾಳ ಬಾಯಿಂದ ಆ ಒಂದು ಮಾತು ಕೇಳಿಸಿಕೊಂಡೇ ಆಸ್ಪತ್ರೆಗೆ ಹೋಗುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೂ ಬರುವುದು ಬಿಟ್ಟಿಲ್ಲ. “ನಿಮ್ಮ ಚಹಾ, ಸರ್” ಎಂದು ಎಡ್ನಾ ಕಪ್ಪು ಇಡುತ್ತಾಳೆ. ಅವನು ಕಪ್ಪು ಮುಟ್ಟದೆ, “ನನ್ನನ್ನ ಮೊದ್ಲಿನ ಹಾಗೆ ಕರೀಬಾರ್ದಾ, ಎಡ್ನಾ?” ಎನ್ನುತ್ತಾನೆ. “ನಿಯಮ ನಿಮ್ಮದೇ, ಸರ್” ಎಂದು ಅವಳು ಅವನ ಹೆಗಲಾಚೆ ನೋಡಿ ಕೂಗುತ್ತಾಳೆ: “ಹಿಂದಿರೋರು ಮುಂದೆ ಬನ್ನಿ, ಲವ್.”