ಸುಟ್ಟ ಬಟ್ಟೆಯ ವಾಸನೆ

"ಮೊದಲು ಹೊಟ್ಟೆಯೊಳಗೆ ಏನೋ ಮೇಲಕ್ಕೆದ್ದ ಹಾಗಾಗುತ್ತೆ, ಡಾಕ್ಟರಮ್ಮ. ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದರೆ ಆಗುತ್ತಲ್ಲ, ಹಾಗೆ. ಆಮೇಲೆ ವಾಸನೆ. ಬಟ್ಟೆ ಸುಟ್ಟ ವಾಸನೆ. ಇಗೋ, ಇವಳು ನನ್ನ ನಾದಿನಿ, ಅಂಗಡಿಯಲ್ಲಿ ಇಸ್ತ್ರಿ ಮಾಡೋಳು. 'ಏಯ್, ಸುಡ್ತಿದೀಯ ನೋಡೇ!' ಅಂತ ಕೂಗ್ತೀನಿ. ಕೂಗಿದ್ದು ನೆನಪಿರುತ್ತೆ, ಆಮೇಲಿಂದು ಇರಲ್ಲ. ಎಚ್ಚರ ಬಂದಾಗ ಕೈಯಲ್ಲಿ ಸೀಮೆಸುಣ್ಣ, ಎದುರಿಗೆ ಬಟ್ಟೆ, ಅದರ ಮೇಲೆ ಸುತ್ತು ಸುತ್ತು ಸೊನ್ನೆ. ಯಾರ ಬಟ್ಟೆ, ಯಾರ ಅಳತೆ, ಒಂದೂ ತೋಚಲ್ಲ. ನೂರು ಜನರ ಭುಜದ ಅಳತೆ ಬಾಯಿಪಾಠ ಇಟ್ಟುಕೊಂಡಿದ್ದೋಳು ನಾನು! ನೀವು ಕೇಳಿದ್ರಿ ಅಂತ ಹೇಳಿದೆ. ನಾನು ಬಂದಿದ್ದು ಮೊನ್ನೆ ಬಿದ್ದು ಕೈಕಾಲು ಅದುರಿದ್ದಕ್ಕೆ, ವಾಸನೆಗಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಆ ವಾಸನೆಯೂ ಫಿಟ್ಸೇ ಕಣಮ್ಮ."

ನಾದಿನಿ ಕುರ್ಚಿಯಿಂದ ಎಗರಿ ನಿಂತಳು. "ಅಂದ್ರೆ ನಾನು ಸುಟ್ಟಿಲ್ಲ! ಏಳು ವರ್ಷ ಅತ್ತಿಗೆ, ಏಳು ವರ್ಷ! ಮೂರು ಇಸ್ತ್ರಿಪೆಟ್ಟಿಗೆ ಬದಲಾಯಿಸಿದ್ವಿ! ತಣ್ಣಗಿರೋ ಪೆಟ್ಟಿಗೆ ಮುಟ್ಟಿ ತೋರಿಸಿದ್ರೂ ನನ್ನನ್ನೇ ಬೈದ್ರಿ!"

"ಕೂತ್ಕೊಳೇ ಮಾರಾಯ್ತಿ," ಎಂದಳು ಕತ್ತರಿಯಕ್ಕ. ಮುಖ ಕೆಂಪಾಗಿತ್ತು, ಆದರೂ ನಗು ತಡೆಯಲಾಗಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅತ್ತಿಗೆ ನಾದಿನಿ ಇಬ್ಬರದೇ ಸಂಸಾರ. ಹಗಲೆಲ್ಲ ಕೆಳಗೆ ಜಗಳ, ರಾತ್ರಿ ಮೇಲೆ ಒಂದೇ ತಟ್ಟೆ.

ಡಾಕ್ಟರಮ್ಮ ಅವರ ಭಾಷೆಯಲ್ಲೇ ಬಿಡಿಸಿ ಹೇಳಿದರು. ಮೆದುಳು ಅಂದರೆ ಸಾಲು ಸಾಲು ಹೊಲಿಗೆ ಮಿಷಿನ್ನು ಅಂದುಕೊಳ್ಳಿ. ಕಿವಿಯ ಹತ್ತಿರದ ಮೂಲೆಯಲ್ಲಿ ಒಂದು ಮಿಷಿನ್ನು ಯಾರೂ ತುಳಿಯದೆ ತಾನೇ ಓಡಲು ಶುರುಮಾಡುತ್ತದೆ. ವಾಸನೆ ತಿಳಿಯುವ ಜಾಗ ಅಲ್ಲಿ. ಅದಕ್ಕೇ ಇಲ್ಲದ ವಾಸನೆ ಮೂಗಿಗೆ ಬಡಿಯುತ್ತದೆ. ಪಕ್ಕದಲ್ಲೇ ನೆನಪಿನ ಜಾಗ. ಅದಕ್ಕೇ ಅಳತೆ ಅಳಿಸಿಹೋಗುವುದು. ಆ ಒಂದು ಮಿಷಿನ್ನು ಕೆರಳಿ ಸಾಲಿಗೆ ಸಾಲೇ ಓಡಿದರೆ ಮೈಯೆಲ್ಲ ಅದುರುತ್ತದೆ. ಗುಳಿಗೆ ಒಂದು ಹೊತ್ತೂ ತಪ್ಪಬಾರದು. ವಾಸನೆ ಬಂದರೆ ಬಚ್ಚಿಡಬಾರದು.

ಆಮೇಲೆ ಕತ್ತರಿಯಕ್ಕನ ಬಾಯಿ ನೋಡಿದರು. "ಈ ಹಲ್ಲು ಹೇಗೆ ಮುರೀತು?"

ನಾದಿನಿ ತಲೆ ತಗ್ಗಿಸಿದಳು. "ಮೊನ್ನೆ ಬಿದ್ದಾಗ ನಾಲಿಗೆ ಕಚ್ಚಬಾರದು ಅಂತ ನಾನೇ ಚಮಚ ತುರುಕಿದೆ."

"ಬಾಯಿಗೆ ಏನೂ ಹಾಕಬೇಡಿ, ಅದುಮಿ ಹಿಡಿಯಲೂಬೇಡಿ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ತನ್ನಿ."

ಅಂಗಡಿಯ ಯಜಮಾನರು ಒಳ್ಳೆಯವರೇ, ಆದರೆ ಪುಕ್ಕಲು. ಫಿಟ್ಸ್ ಅಂತ ತಿಳಿದದ್ದೇ ಅವಳ ಉದ್ದ ಕತ್ತರಿಯನ್ನು ಕಿತ್ತುಕೊಂಡು ತಮ್ಮ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದರು. "ಆರು ತಿಂಗಳು ಏನೂ ಬರದೆ ಇದ್ದರೆ ನಿನ್ನ ಕತ್ತರಿ ನಿನಗೆ. ಬಂತೋ, ಮತ್ತೆ ಒಂದರಿಂದ ಎಣಿಕೆ. ಅಲ್ಲೀತನಕ ಗುಂಡಿ ಹೊಲಿ."

ಕತ್ತರಿಯಕ್ಕ ಗುಂಡಿ ಹೊಲಿದಳು. ಹದಿನೆಂಟು ವರ್ಷ ಬಟ್ಟೆಯ ಎಳೆಯ ಓಟ ತಿಳಿದಿದ್ದ ಕೈಗೆ ಗುಂಡಿ ಎಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವಳ ಜಾಗಕ್ಕೆ ಬಂದವನು ಅಂಗಿಯ ತೋಳನ್ನು ತಿರುಗುಮುರುಗಾಗಿ ಕತ್ತರಿಸಿದಾಗ ತುಟಿ ಕಚ್ಚಿ ಕೂತಳು. ಎದ್ದ ಕೂಡಲೇ ಒಂದು ಗುಳಿಗೆ, ಮಲಗುವ ಮುಂಚೆ ಒಂದು. ತಲೆ ಭಾರ, ಬಾಯಿ ತುಂಬ ಆಕಳಿಕೆ; ಬಿಡಲಿಲ್ಲ. ಮರೆತ ಅಳತೆಗಳನ್ನು ಗಿರಾಕಿಗಳಿಂದ ಮತ್ತೆ ತೆಗೆದು ಕಂದು ಕಾಗದದ ಮೇಲೆ ಒಂದೊಂದಾಗಿ ಬರೆದಿಟ್ಟಳು. ಒಂದು ತಿಂಗಳು, ಮೂರು, ಐದು. ವಾಸನೆಯಿಲ್ಲ!

ಆರನೆಯ ತಿಂಗಳ ಕೊನೆಯ ದಿನ ಬೆಳಿಗ್ಗೆ ಯಜಮಾನರು ಕತ್ತರಿಗೆ ಎಣ್ಣೆ ಹಾಕುತ್ತಿದ್ದರು. ಕತ್ತರಿಯಕ್ಕನಿಗೆ ಸೂಜಿಯ ಕಣ್ಣಿಗೆ ದಾರ ಹೋಗುತ್ತಿರಲಿಲ್ಲ, ಅಷ್ಟು ಸಂಭ್ರಮ. ಅಷ್ಟರಲ್ಲಿ ಬಂತು.

ಸುಟ್ಟ ವಾಸನೆ.

ಹೊಟ್ಟೆಯೊಳಗೆ ಏನೂ ಎದ್ದಿರಲಿಲ್ಲ, ಆದರೆ ವಾಸನೆ ಅದೇ. ಬಾಯಿ ಮುಚ್ಚಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಇನ್ನು ಹತ್ತು ನಿಮಿಷಕ್ಕೆ ಕತ್ತರಿ ಕೈಯಲ್ಲಿ. ಹೇಳಿದರೆ ಮತ್ತೆ ಆರು ತಿಂಗಳು ಗುಂಡಿ. ಕತ್ತರಿ ಕೈಯಲ್ಲಿದ್ದಾಗ ಬಂದರೆ? ಎದುರಿಗೆ ಯಾರಾದರೂ ಅಳತೆ ಕೊಡುತ್ತ ನಿಂತಿದ್ದರೆ?

ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿದಳು. ತಾನಾಗಿಯೇ ನೆಲದ ಮೇಲೆ ಕೂತಳು. "ವಾಸನೆ ಬಂತು," ಎಂದಳು.

"ಅಯ್ಯೋ ಅತ್ತಿಗೆ!" ನಾದಿನಿ ಕೈಲಿದ್ದುದನ್ನು ಅಲ್ಲೇ ಬಿಟ್ಟು ಹಾರಿ ಬಂದಳು. ಮಿಷಿನ್ನುಗಳೆಲ್ಲ ನಿಂತವು. ಒಬ್ಬರು ಕೋಟು ಮಡಿಸಿ ತಲೆಯಡಿ ಇಟ್ಟರು, ನಾದಿನಿ ಅವಳನ್ನು ಮಲಗಿಸಿ ಪಕ್ಕಕ್ಕೆ ಹೊರಳಿಸಿದಳು. "ಗಡಿಯಾರ! ಯಾರಾದ್ರೂ ಗಡಿಯಾರ ನೋಡ್ರೋ! ಚಮಚ ತರಬೇಡಿ!"

"ಒಂದು ನಿಮಿಷ," ಎಂದರು ಯಜಮಾನರು. ಸ್ವಲ್ಪ ಹೊತ್ತಿಗೆ, "ಎರಡು."

ಕತ್ತರಿಯಕ್ಕ ಕಣ್ಣು ಪಿಳಿಪಿಳಿ ಬಿಡುತ್ತ ಎಲ್ಲರ ಮುಖ ನೋಡಿದಳು. ಎಲ್ಲ ನೆನಪಿದೆ. ಎಲ್ಲ ಕಾಣುತ್ತಿದೆ. ವಾಸನೆ ಮಾತ್ರ ಜಾಸ್ತಿಯಾಗುತ್ತಿದೆ!

ಯಜಮಾನರು ಮೂಗು ಅರಳಿಸಿದರು. ಎಡಕ್ಕೆ ಮೂಸಿದರು, ಬಲಕ್ಕೆ ಮೂಸಿದರು. "ಅಲ್ರೇ," ಎಂದರು, "ನನಗೂ ಬರ್ತಿದೆ!"

ಎಲ್ಲರೂ ತಿರುಗಿದರು. ಇಸ್ತ್ರಿ ಮೇಜಿನಿಂದ ಹೊಗೆ ಏಳುತ್ತಿತ್ತು. ಯಾರದೋ ಹೊಸ ಅಂಗಿಯ ಬೆನ್ನಿನ ನಡುವೆ ಕುಳಿತ ಪೆಟ್ಟಿಗೆ ತನ್ನ ಅಚ್ಚಿನಷ್ಟೇ ತೂತು ಸುಟ್ಟುಬಿಟ್ಟಿತ್ತು.

"ಸುಟ್ಟೆ!" ಎಂದು ಕಿರುಚಿದಳು ನಾದಿನಿ, ಲಾಟರಿ ಹೊಡೆದವಳ ಹಾಗೆ. "ಅತ್ತಿಗೆ, ನಿಜವಾಗ್ಲೂ ಸುಟ್ಟೆ! ನೀವು ಕೂಗೋ ಮುಂಚೇನೇ ಸುಡ್ತಿದ್ದೆ!"

"ಏಳು ವರ್ಷಕ್ಕೆ ಒಂದ್ಸಲ ನನ್ನ ಮಾತು ಸತ್ಯ ಮಾಡಿದೆಯಲ್ಲೇ!" ಕತ್ತರಿಯಕ್ಕ ನೆಲದ ಮೇಲೇ ಎದ್ದು ಕೂತು ಅವಳನ್ನು ತಬ್ಬಿಕೊಂಡಳು.

ಯಜಮಾನರು ಅಂಗಿಯನ್ನೆತ್ತಿ ತೂತಿನೊಳಗಿಂದ ನಾದಿನಿಯತ್ತ ನೋಡಿದರು. ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಎಣ್ಣೆ ಹಾಕಿಟ್ಟಿದ್ದ ಕತ್ತರಿಯನ್ನು ತಂದು ಹಿಡಿ ಮುಂದೆ ಮಾಡಿ ಕತ್ತರಿಯಕ್ಕನತ್ತ ಚಾಚಿದರು. "ಬಚ್ಚಿಡಲಿಲ್ಲವಲ್ಲ ನೀನು, ಅಷ್ಟು ಸಾಕು. ಏಳು, ಹೊಸ ಬೆನ್ನು ಕತ್ತರಿಸು. ಸಂಜೆ ಒಯ್ಯೋಕೆ ಬರ್ತಾರೆ."

ಅವಳು ಕಂದು ಕಾಗದದಲ್ಲಿ ಆ ಅಂಗಿಯವರ ಅಳತೆ ಹುಡುಕಿದಳು, ಸೀಮೆಸುಣ್ಣದಿಂದ ಒಂದೇ ಗೆರೆ ಎಳೆದಳು. ಕತ್ತರಿ ಸರ್ರನೆ ಓಡಿತು. ಗೆರೆಯಲ್ಲಿ ಒಂದೂ ಸೊನ್ನೆ ಇರಲಿಲ್ಲ.

ಸಂಜೆ ಅಂಗಿ ಒಯ್ದ ಮೇಲೆ ಕತ್ತರಿಯಕ್ಕ ಪೊರಕೆ ತೆಗೆದುಕೊಂಡು ಮೇಜಿನ ಕೆಳಗಿನ ಬಟ್ಟೆಚೂರುಗಳನ್ನು ಗುಡಿಸಿ ಒಂದು ಕಡೆ ಮಾಡಿದಳು. ನಾದಿನಿ ಚೀಲದ ಬಾಯಿ ಅಗಲಿಸಿ ಹಿಡಿದಳು, ಅವಳು ಬಾಚಿ ತುಂಬಿದಳು.